ಚಳಿಗಾಲದಲ್ಲಿ ಕಾರಿನ ಏಸಿ ಸೊರಗುವುದೇಕೆ?

ಬೆಳಗಿನ ಜಾವ ಹೊಲದ ಬದುವಿನಲ್ಲಿ ಹತ್ತಿಕಟ್ಟಿಗೆ ಒಟ್ಟಿ ಬೆಂಕಿ ಕಾಯಿಸಿಕೊಳ್ಳುವ ಈ ದಿನಗಳಲ್ಲಿ ಕಾರನ್ನು ತಣ್ಣಗೆ ಮಾಡುವ ಯಂತ್ರದ ಮಾತು ಯಾಕೆ ಎಂದು ನೀವು ನಗಬಹುದು. ನಾನೂ ಮೊದಲು ನಕ್ಕಿದ್ದೆ. ಆದರೆ ಕೌತಾಳಂ ಕಡೆಯಲ್ಲಿ ಬಾಡಿಗೆ ಕಾರು ಓಡಿಸುವ ಒಬ್ಬ ಹುಡುಗ ಹೇಳಿದ ಮಾತು ಕೇಳಿದ ಮೇಲೆ ನಗು ನಿಂತಿತು. ಜನವರಿಯಲ್ಲಿ ಒಂದು ದಿನ ನಸುಕು ಹರಿಯುವ ಮುಂಚೆ ಎದೆನೋವಿನ ಒಬ್ಬ ಹಿರಿಯರನ್ನು ಕರ್ನೂಲಿನ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದನಂತೆ. ಕಾರಿನಲ್ಲಿ ಐದು ಜನ. ಕಾಲುವೆ ದಾಟುವಷ್ಟರಲ್ಲಿ ಮುಂದಿನ ಗಾಜಿನ ಮೇಲೆ ಹಾಲು ಚೆಲ್ಲಿದಂತೆ ಮಂಜು ಕೂತಿತು. ಎದುರಿಗೆ ಹತ್ತಿ ತುಂಬಿದ ಲಾರಿಗಳ ದೀಪ. ಏಸಿ ಹಾಕಿದರೆ ಗಾಜು ತಿಳಿಯಾಗುತ್ತದೆ ಎಂದು ಯಾರೋ ಹೇಳಿದ್ದು ನೆನಪಾಗಿ ಹಾಕಿದ. ಏಸಿ ತಣ್ಣಗೂ ಆಗಲಿಲ್ಲ, ಗಾಜೂ ತಿಳಿಯಾಗಲಿಲ್ಲ. ಕಿಟಕಿ ಇಳಿಸಿ, ಒಂದು ಕೈಯಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತಾ, ಇನ್ನೊಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಆದೋನಿಯವರೆಗೆ ಹೋದನಂತೆ. ಹಿರಿಯರು ಉಳಿದರು. "ಅವತ್ತು ಉಳಿದದ್ದು ಅವರೊಬ್ಬರೇ ಅಲ್ಲ ಗುರುಗಳೇ, ನಾವು ಐದೂ ಮಂದಿ" ಎಂದ.

ನಮ್ಮ ಸೀಮೆಯಲ್ಲಿ ಚಳಿಗಾಲದ ಏಸಿಗೆ ಎರಡು ಕೆಲಸ. ಬೆಳಿಗ್ಗೆ ಗಾಜು ಒಣಗಿಸಬೇಕು, ಮಧ್ಯಾಹ್ನ ಕಾರು ತಂಪು ಮಾಡಬೇಕು. ಏಕೆಂದರೆ ಇದು ಎರೆಮಣ್ಣಿನ ನಾಡು. ಡಿಸೆಂಬರಿನಲ್ಲೂ ಬೆಳಗಿನ ಜಾವ 15-16 ಡಿಗ್ರಿ ಇದ್ದದ್ದು ಮಧ್ಯಾಹ್ನ ಎರಡಕ್ಕೆ 30 ಮುಟ್ಟುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಅದಕ್ಕಿಂತಲೂ ಹೆಚ್ಚು. ಆಗ ಏಸಿ ಬಿಸಿಯುಸಿರು ಬಿಟ್ಟರೆ ಮಾಲೀಕರು ನೇರ ಗ್ಯಾರೇಜಿಗೆ ಹೋಗುತ್ತಾರೆ. ಅಲ್ಲಿ ಸಿಗುವ ಉತ್ತರ ಹೆಚ್ಚಾಗಿ ಒಂದೇ: "ಗ್ಯಾಸ್ ಕಮ್ಮಿ ಆಗೇತಣ್ಣಾ, ತುಂಬಿಬಿಡಾನ." ಆ ಉತ್ತರ ಕೆಲವು ಸಲ ನಿಜ. ಎಷ್ಟೋ ಸಲ ಅಲ್ಲ. ಯಾವಾಗ ನಿಜ, ಯಾವಾಗ ಅಲ್ಲ ಎಂಬುದನ್ನು ತಿಳಿಯಲು ಈ ಯಂತ್ರ ಹೇಗೆ ತಣ್ಣಗಾಗುತ್ತದೆ ಎಂಬುದನ್ನು ಮೊದಲು ನೋಡೋಣ.

ಸೂಜಿ ಚುಚ್ಚುವ ಮುಂಚೆ ನರ್ಸಮ್ಮ ತೋಳಿಗೆ ಸ್ಪಿರಿಟ್ ಹಚ್ಚುತ್ತಾರಲ್ಲ, ಆಗ ಅಲ್ಲಿ ಜುಮ್ಮೆನ್ನುವಷ್ಟು ತಂಪಾಗುತ್ತದೆ. ಸ್ಪಿರಿಟ್ ಆರಿ ಆವಿಯಾಗುವಾಗ ಚರ್ಮದ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಕಾರಿನ ಏಸಿಯೂ ಅಷ್ಟೇ. ಅಲ್ಲಿ ಸ್ಪಿರಿಟ್ಟಿನ ಬದಲು ಇನ್ನೊಂದು ದ್ರವ ಇದೆ, ಮತ್ತು ಆರಿಹೋದ ಆವಿಯನ್ನು ಗಾಳಿಗೆ ಬಿಡದೆ ಹಿಡಿದು ಮತ್ತೆ ದ್ರವ ಮಾಡುವ ಏರ್ಪಾಡಿದೆ. ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದೆ ಜಾಲರಿಯಂತೆ ನಿಂತಿರುವ ಕಂಡೆನ್ಸರಿನಲ್ಲಿ ಹೊರಗಿನ ಗಾಳಿ ಬಡಿದು ಅದು ತಣ್ಣಗಾಗಿ ದ್ರವವಾಗುತ್ತದೆ. ಅಲ್ಲಿಂದ ಡ್ರೈಯರ್ ದಾಟಿ ಎಕ್ಸ್‌ಪಾನ್ಶನ್ ವಾಲ್ವ್ ಎಂಬ ಸಣ್ಣ ಕಿಂಡಿಯಿಂದ ಒಮ್ಮೆಲೇ ಸಡಿಲವಾಗಿ, ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನಲ್ಲಿ ಕುದಿದು ಆವಿಯಾಗುತ್ತದೆ. ಆ ಕಾಯಿಲಿನ ಮೇಲೆ ಬ್ಲೋವರ್ ಗಾಳಿ ಊದುತ್ತದೆ. ನಮ್ಮ ಮುಖಕ್ಕೆ ಬರುವುದು ಆ ಗಾಳಿ.

ಈಗ ಈ ದ್ರವದ ಗುಣ ಕೇಳಿ. ನಮ್ಮ ರಸ್ತೆಯ ಮೇಲೆ ಓಡುವ ಬಹುಪಾಲು ಕಾರುಗಳಲ್ಲಿರುವುದು ಆರ್-134ಎ ಎಂಬ ಗ್ಯಾಸು. ತೆರೆದ ಗಾಳಿಯಲ್ಲಿ ಇಟ್ಟರೆ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದು ಹೋಗುವ ಪದಾರ್ಥ. ಮುಚ್ಚಿದ ಪೈಪಿನಲ್ಲಿ ಅರ್ಧ ದ್ರವ, ಅರ್ಧ ಆವಿಯಾಗಿ ಇರುತ್ತದೆ. ಇಂಜಿನ್ ನಿಲ್ಲಿಸಿ ಕಾರು ಆರಿದ ಮೇಲೆ ಒಳಗಿನ ಒತ್ತಡ ಎಷ್ಟು ಎಂಬುದನ್ನು ನಿರ್ಧರಿಸುವುದು ಹವೆಯ ಉಷ್ಣತೆ. ಗೇಜಿನಲ್ಲಿ 40 ಡಿಗ್ರಿ ಬಿಸಿಯಲ್ಲಿ ಸುಮಾರು 133 ಪೌಂಡು ತೋರಿಸುತ್ತದೆ. 30 ಡಿಗ್ರಿಗೆ 97. ಬೆಳಗಿನ ಚಳಿಯ 16 ಡಿಗ್ರಿಗೆ ಬರೀ 58. ಒಂದು ಹನಿ ಗ್ಯಾಸೂ ಸೋರಿಲ್ಲ, ಆದರೂ ಮುಳ್ಳು ಅರ್ಧಕ್ಕಿಂತ ಕೆಳಗೆ ಬಂದು ನಿಂತಿದೆ. ಚಳಿಗಾಲದಲ್ಲಿ ಅಡುಗೆಮನೆಯ ಸಿಲಿಂಡರಿನ ಉರಿ ಸ್ವಲ್ಪ ಮೆತ್ತಗಾಗುವುದನ್ನು ತಾಯಂದಿರು ನೋಡಿರುತ್ತಾರೆ, ಅದೂ ಇದೇ ಜಾತಿಯ ಸಂಗತಿ.

ಇದರಲ್ಲಿ ಇನ್ನೊಂದು ವಿಚಿತ್ರ ಇದೆ, ದಯವಿಟ್ಟು ಗಮನವಿಟ್ಟು ಕೇಳಿ. ಪೈಪಿನಲ್ಲಿ ದ್ರವ ಒಂದಿಷ್ಟು ಉಳಿದಿರುವ ತನಕ ನಿಂತ ಕಾರಿನ ಗೇಜು ಅದೇ ಅಂಕಿ ತೋರಿಸುತ್ತದೆ, ಪ್ರಮಾಣ ಎಷ್ಟೇ ಇರಲಿ. ಅಡುಗೆ ಸಿಲಿಂಡರ್ ತುಂಬಿದ್ದಾಗಲೂ ಒಲೆ ಉರಿಯುತ್ತದೆ, ಕಾಲುಭಾಗ ಇದ್ದಾಗಲೂ ಹಾಗೇ ಉರಿಯುತ್ತದೆ, ಮುಗಿಯುವ ಹೊತ್ತಿಗೆ ಮಾತ್ರ ಇಳಿಯುತ್ತದೆ. ಹಾಗಾಗಿ ಎಷ್ಟು ಉಳಿದಿದೆ ಎಂದು ತಿಳಿಯಲು ಮನೆಯಲ್ಲಿ ಸಿಲಿಂಡರ್ ಎತ್ತಿ ನೋಡುತ್ತೇವೆ. ಅಂದರೆ ತೂಕ. ಕಾರಿನ ಗ್ಯಾಸಿಗೂ ನಂಬಬೇಕಾದ ಅಳತೆ ತೂಕವೊಂದೇ.

ಅಮೆರಿಕಾ, ಯೂರೋಪಿನಂಥ ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಏಸಿ ಕೈಕೊಟ್ಟರೆ ಅಲ್ಲಿಯವರು ಸುಮ್ಮನಿರುತ್ತಾರೆ. ಸೊನ್ನೆ ಡಿಗ್ರಿಗೆ ಒತ್ತಡ 28 ಪೌಂಡಿನ ಹತ್ತಿರ ಇಳಿಯುತ್ತದೆ. ಒತ್ತಡ ಅಷ್ಟರ ಆಸುಪಾಸಿಗೆ ಬಂದರೆ ಗ್ಯಾಸ್ ಹೋಗಿರಬಹುದೆಂದು ಬಗೆದು ಕಂಪ್ರೆಸರನ್ನು ಉಳಿಸಲು ಒಂದು ಸ್ವಿಚ್ಚು ತಾನೇ ಕರೆಂಟು ಕಡಿಯುತ್ತದೆ. ಅಲ್ಲಿ ಅದು ರೋಗವಲ್ಲ, ಯಂತ್ರದ ಶಿಸ್ತು. ಆದರೆ ಕೌತಾಳಂ, ಕೋಸಿಗಿ, ಹೊಳಗುಂದಿಗಳಲ್ಲಿ ಎಂಥ ಮಾಗಿಯ ಚಳಿಯಲ್ಲೂ ನಾವು ಆ ಮಟ್ಟಕ್ಕೆ ಇಳಿಯುವುದಿಲ್ಲ. 15 ಡಿಗ್ರಿಯಲ್ಲಿ 56 ಪೌಂಡು ಇದ್ದೇ ಇರುತ್ತದೆ. ಆದ್ದರಿಂದ ನಮ್ಮೂರಿನಲ್ಲಿ ಬೆಳಿಗ್ಗೆ ಏಸಿ ಗುಂಡಿ ಒತ್ತಿದಾಗ ಕಂಪ್ರೆಸರ್ ಹಿಡಿಯಲೇ ಇಲ್ಲ ಎಂದರೆ "ಚಳಿಗೆ ಹಾಗಾಗಿದೆ, ಬೇಸಿಗೆಗೆ ಸರಿಹೋಗುತ್ತದೆ" ಎಂದು ಬಿಡಬಾರದು. ಅಲ್ಲಿ ನಿಜವಾಗಿಯೂ ಏನೋ ಕೆಟ್ಟಿದೆ. ಒಂದೋ ಗ್ಯಾಸ್ ಬಹುಪಾಲು ಖಾಲಿ, ಇಲ್ಲವೇ ಫ್ಯೂಸು, ರಿಲೇ, ಕ್ಲಚ್ಚು, ಇಲ್ಲವೇ ಆ ಸ್ವಿಚ್ಚೇ ಹೋಗಿರಬೇಕು. ಹೊರದೇಶದ ಪುಸ್ತಕ ಓದಿ ಬಂದ ಸಮಾಧಾನ ನಮ್ಮ ಹವೆಗೆ ಹೊಂದುವುದಿಲ್ಲ.

ಹಾಗೆಯೇ ಕಂಪ್ರೆಸರ್ ಹಿಡಿದಿದೆ, ಗಾಳಿಯೂ ತಣ್ಣಗಿದೆ, ಆದರೆ ಬೇಸಿಗೆಯಷ್ಟು ಕೊರೆಯುವುದಿಲ್ಲ ಎನ್ನುವವರೂ ಇದ್ದಾರೆ. ಇಲ್ಲಿ ಯಂತ್ರಕ್ಕೆ ರೋಗವಿಲ್ಲ, ಚರ್ಮಕ್ಕೆ ಮರೆವು. ಕೂಲಿಂಗ್ ಕಾಯಿಲ್ ಹೆಪ್ಪುಗಟ್ಟದಂತೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲೆಯೇ ಅದನ್ನು ತಡೆದು ನಿಲ್ಲಿಸುವ ಒಂದು ಸೆನ್ಸರ್ ಇರುತ್ತದೆ. ಬೇಸಿಗೆಯಾಗಲಿ ಚಳಿಯಾಗಲಿ ಅದಕ್ಕಿಂತ ಕೆಳಗೆ ಅದು ಹೋಗಬಾರದು. ಹೊರಗೆ 42 ಇದ್ದಾಗ 10 ಡಿಗ್ರಿ ಗಾಳಿ ಬಂದರೆ ಸ್ವರ್ಗ ಎನಿಸುತ್ತದೆ. ಹೊರಗೆ 18 ಇದ್ದಾಗ 8 ಡಿಗ್ರಿ ಗಾಳಿ ಬಂದರೂ "ಏನೋ ಒಂದು" ಎನಿಸುತ್ತದೆ. ಅನುಮಾನವಿದ್ದರೆ ಪೇಟೆಯಲ್ಲಿ ಸಿಗುವ ಸಣ್ಣ ಥರ್ಮಾಮೀಟರನ್ನು ನಡುವಿನ ಗಾಳಿಕಿಂಡಿಗೆ ಸಿಕ್ಕಿಸಿ. ಬೆಳಗಿನ ತಂಪಿನಲ್ಲಿ ಹತ್ತು ನಿಮಿಷದೊಳಗೆ 8-10 ಡಿಗ್ರಿಗೆ ಇಳಿದರೆ ನಿಮ್ಮ ಏಸಿ ಆರೋಗ್ಯವಾಗಿದೆ. ಜ್ವರ ನೋಡಲು ಥರ್ಮಾಮೀಟರ್ ಇಡುವ ನಾವು ಕಾರಿನ ವಿಷಯದಲ್ಲಿ ಮಾತ್ರ ಬರೀ ಕೈ ನಂಬುತ್ತೇವೆ.

ಈಗ ನನಗೆ ಗೊತ್ತಿರುವ ಒಂದು ಪ್ರಸಂಗ ಹೇಳುತ್ತೇನೆ. ಪರಿಚಯದ ರೈತರೊಬ್ಬರು, ಹತ್ತಿಯ ದುಡ್ಡು ಕೈಗೆ ಬಂದ ವರ್ಷ ಒಂದು ಹಳೆಯ ಕಾರು ಕೊಂಡರು. ಡಿಸೆಂಬರಿನಲ್ಲಿ ಏಸಿ ಮಂದವಾಯಿತೆಂದು ಬೆಳಿಗ್ಗೆ ಎಂಟು ಗಂಟೆಗೇ ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿನವರು ಗೇಜು ಹಚ್ಚಿದರು, ಮುಳ್ಳು ಕೆಳಗಿತ್ತು. ಬೇಸಿಗೆಯಲ್ಲಿ ನೋಡಿ ರೂಢಿಯಾದ ಅಂಕಿ ಬರುವ ತನಕ ಗ್ಯಾಸ್ ಬಿಟ್ಟರು. ಏಸಿ ಅಂಥ ಬದಲಾವಣೆ ಏನೂ ತೋರಲಿಲ್ಲ. "ಸೆಟ್ ಆಗ್ತದೆ ಬಿಡಣ್ಣಾ" ಎಂದರು. ಇವರು ದುಡ್ಡು ಕೊಟ್ಟು ಬಂದರು. ಯುಗಾದಿ ಕಳೆದ ಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮಂತ್ರಾಲಯಕ್ಕೆ ಹೊರಟರು. ಮಧ್ಯಾಹ್ನದ ಬಿಸಿಲು. ಹತ್ತು ನಿಮಿಷ ತಣ್ಣಗೆ ಬಂತು, ಆಮೇಲೆ ಬಿಸಿಗಾಳಿ, ಮತ್ತೆ ಸ್ವಲ್ಪ ಹೊತ್ತಿಗೆ ತಣ್ಣಗೆ, ಮತ್ತೆ ಬಿಸಿ. ಎಳೆಗೂಸು ಅಳುವುದನ್ನು ನೋಡಲಾಗದೆ ಎಲ್ಲ ಕಿಟಕಿ ತೆರೆದು ಧೂಳು ಕುಡಿಯುತ್ತಾ ಊರು ಸೇರಿದರು. ಇನ್ನೊಂದು ಕಡೆ ತೋರಿಸಿದರೆ ಅಲ್ಲಿಯೂ "ಗ್ಯಾಸ್ ಕಮ್ಮಿ" ಎಂದು ಇನ್ನಷ್ಟು ತುಂಬಿದರು! ಎರಡು ವಾರಕ್ಕೆ ಕಂಪ್ರೆಸರೇ ಕಿರ್ರೋ ಎಂದು ಕೂತಿತು.

ನಡೆದದ್ದು ಇಷ್ಟು. ಚಳಿಗೆ ಇಳಿದಿದ್ದ ಮುಳ್ಳನ್ನು ಗ್ಯಾಸಿನ ಕೊರತೆ ಎಂದು ಓದಿದರು. ಹೆಚ್ಚಾದ ಗ್ಯಾಸ್ ಕಂಡೆನ್ಸರಿನಲ್ಲಿ ದ್ರವವಾಗಿ ತುಂಬಿಕೊಂಡು, ಆವಿಯನ್ನು ತಣಿಸಬೇಕಾದ ಜಾಗವನ್ನೇ ನುಂಗಿತು. ಚಳಿಯಲ್ಲಿ ಅದು ಗೊತ್ತಾಗಲಿಲ್ಲ, ಏಕೆಂದರೆ ಹೊರಗಿನ ಗಾಳಿಯೇ ತಣ್ಣಗಿತ್ತು. ಬೇಸಿಗೆಗೆ ಒತ್ತಡ ವಿಪರೀತ ಏರಿ ಮೇಲಿನ ಒತ್ತಡದ ಸ್ವಿಚ್ಚು ಕಂಪ್ರೆಸರನ್ನು ಪದೇ ಪದೇ ನಿಲ್ಲಿಸಿತು. ಆ ಬಿಸಿ-ತಣ್ಣನೆಯ ಆಟ ಅದೇ. ಹೊಟ್ಟೆ ತುಂಬಿ ನರಳುವವನಿಗೆ ಹಸಿವೆಂದು ಇನ್ನೊಂದು ರೊಟ್ಟಿ ತುರುಕಿದಂತಾಯಿತು. ಕಡೆಗೆ ಹಳೆಯ ಗ್ಯಾಸೆಲ್ಲ ತೆಗೆಸಿ, ಬೇರೆ ಕಂಪ್ರೆಸರ್ ಹಾಕಿಸಿ, ಬಾನೆಟ್ಟಿನ ಒಳಗೆ ಅಂಟಿಸಿದ ಚೀಟಿಯಲ್ಲಿ ಬರೆದಷ್ಟು ಗ್ರಾಂ ತೂಗಿ ತುಂಬಿದ ಮೇಲೆಯೇ ಕಾರು ಸರಿಯಾದದ್ದು. ಮೂರು ಚೀಲ ಹತ್ತಿಯ ದುಡ್ಡು ಹೋಯಿತು ಎಂದು ಅವರು ಈಗಲೂ ಲೆಕ್ಕ ಹೇಳುತ್ತಾರೆ.

ಆ ಚೀಟಿಯ ಬಗ್ಗೆ ಒಂದು ಮಾತು. ಅದು ಇಂಗ್ಲಿಷಿನಲ್ಲಿರುತ್ತದೆ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆಯಿಂದ ಬಿಟ್ಟು ಆಂಧ್ರಕ್ಕೆ ಸೇರಿದಂದಿನಿಂದ ನಮ್ಮ ಗ್ಯಾರೇಜುಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬಾಯಲ್ಲಿ ಓಡಾಡುತ್ತವೆ. ಅದು ಚಂದವೇ. ಆದರೆ ಚೀಟಿಯ ಭಾಷೆ ಮೂರರಲ್ಲಿ ಯಾವುದೂ ಅಲ್ಲವಾದ್ದರಿಂದ ಅದನ್ನು ಓದುವವರು ಕಡಿಮೆ. ಅಲ್ಲಿ ಹುಡುಕಬೇಕಾದದ್ದು ಎರಡೇ: ಗ್ಯಾಸಿನ ಹೆಸರು, ಅದರ ಮುಂದೆ ಗ್ರಾಂ ಅಂಕಿ. ಸಣ್ಣ ಕಾರುಗಳಿಗೆ ಅದು ಸಾಮಾನ್ಯವಾಗಿ 350ರಿಂದ 500 ಗ್ರಾಮಿನೊಳಗೆ ಇರುತ್ತದೆ. ಆ ಅಂಕಿಯನ್ನು ಒಂದು ಕಾಗದದಲ್ಲಿ ಬರೆದು ಆರ್.ಸಿ. ಪುಸ್ತಕದ ಜೊತೆಗೆ ಇಟ್ಟುಕೊಳ್ಳಿ.

ಹಾಗಾದರೆ ಗ್ಯಾರೇಜಿಗೆ ಹೋಗುವ ಮುಂಚೆ ನಾವೇ ಏನು ನೋಡಬಹುದು?

ಮೊದಲು ಬಿಸಿ-ತಣ್ಣನೆಯ ಗುಂಡಿ. ನಗಬೇಡಿ. ಬೆಳಿಗ್ಗೆ ಚಳಿಗೆ ಯಾರೋ ಅದನ್ನು ಕೆಂಪು ಬಣ್ಣದ ಕಡೆಗೆ ತಿರುಗಿಸಿರುತ್ತಾರೆ, ಮಧ್ಯಾಹ್ನ ಮರೆತು ಏಸಿ ಹಾಕುತ್ತಾರೆ. ಆಗ ಕೂಲಿಂಗ್ ಕಾಯಿಲ್ ತಣ್ಣಗೆ ಮಾಡಿದ ಗಾಳಿಯನ್ನು ಇಂಜಿನ್ನಿನ ಬಿಸಿನೀರಿನ ಕಾಯಿಲ್ ಮತ್ತೆ ಕಾಯಿಸಿ ಕಳಿಸುತ್ತದೆ. ಚಳಿಗಾಲದ ದೂರುಗಳಲ್ಲಿ ಇದು ಎಷ್ಟು ಸಲ ಕಾರಣವಾಗಿರುತ್ತದೆ ಎಂದರೆ ಹೇಳಿದರೆ ಮಾಲೀಕರಿಗೆ ನಾಚಿಕೆ. ಗುಂಡಿಯನ್ನು ಪೂರ್ತಿ ನೀಲಿಗೆ ತಿರುಗಿಸಿದರೂ ಬಿಸಿ ಬಂದರೆ ಒಳಗಿನ ರೆಕ್ಕೆ ಅಂಟಿಕೊಂಡಿರಬಹುದು, ಅಥವಾ ಅದನ್ನು ತಿರುಗಿಸುವ ತಂತಿ ಕಳಚಿರಬಹುದು. ಡಿಗ್ರಿ ಅಂಕಿ ಇಡುವ ಹೊಸ ಕಾರುಗಳಲ್ಲಿ 24 ಎಂದು ಇಟ್ಟು, ಕಾರಿನೊಳಗೆ ಅದಾಗಲೇ 22 ಇದ್ದರೆ ಅದು ತಣ್ಣಗೆ ಮಾಡುವುದೇ ಇಲ್ಲ. ಅದರ ತಪ್ಪೇನು?

ಆಮೇಲೆ ಗಾಳಿಯ ಬಲ. ಇದು ನಮ್ಮ ಸೀಮೆಯ ವಿಶೇಷ ರೋಗ, ಯಾವ ಕಂಪನಿಯ ಪುಸ್ತಕದಲ್ಲೂ ಇರುವುದಿಲ್ಲ. ನಮಗೆ ಚಳಿ ಬರುವ ತಿಂಗಳುಗಳೇ ಹತ್ತಿ ಬರುವ ತಿಂಗಳುಗಳು. ಆದೋನಿಯ ಮಾರುಕಟ್ಟೆ, ಜಿನ್ನಿಂಗ್ ಮಿಲ್ಲುಗಳ ಸುತ್ತ ಅರಳೆಯ ನವಿರು ಗಾಳಿಯಲ್ಲಿ ತೇಲುತ್ತದೆ. ಲಾರಿಯ ಹಿಂದೆ ಕಾರು ಹೋದರೆ ಬೆಳ್ಳಗೆ ಹಾರಿ ಬಂದು ಬಡಿಯುತ್ತದೆ. ಅದರ ಮೇಲೆ ಎರೆಮಣ್ಣಿನ ಧೂಳು, ಅದರ ಮೇಲೆ ಬೆಳಗಿನ ಇಬ್ಬನಿ. ಮೂರೂ ಸೇರಿ ಕಂಡೆನ್ಸರಿನ ಜಾಲರಿಗೆ ಕಂಬಳಿ ಹೊದಿಸಿದಂತೆ ಆಗುತ್ತದೆ. ಒಳಗೆ ಗಾಳಿ ಸೋಸುವ ಫಿಲ್ಟರಿನದೂ ಇದೇ ಕಥೆ. ಅನೇಕ ಕಾರುಗಳಲ್ಲಿ ಅದು ಎಡಗಡೆ ಸೀಟಿನ ಮುಂದಿನ ಡಬ್ಬಿಯ ಹಿಂದೆ ಇರುತ್ತದೆ. ತೆಗೆದು ನೋಡಿದರೆ ಹಾಸಿಗೆಗೆ ತುಂಬುವಷ್ಟು ಹತ್ತಿ ಸಿಕ್ಕೀತು. ಬ್ಲೋವರ್ ಜೋರಾಗಿ ಕೂಗುತ್ತದೆ, ಗಾಳಿ ಮಾತ್ರ ಬರುವುದಿಲ್ಲ ಎಂದರೆ ಮೊದಲು ನೋಡಬೇಕಾದದ್ದು ಇದೇ. ಫಿಲ್ಟರ್ ಬದಲಿಸಿ. ಕಂಡೆನ್ಸರಿಗೆ ಇಂಜಿನ್ ಆರಿದ ಮೇಲೆ ಸಾಧಾರಣ ನೀರಿನ ಪೈಪು ಹಿಡಿಯಿರಿ, ಜೋರಿನ ಪಂಪು ಬೇಡ. ಅದರ ರೆಕ್ಕೆಗಳು ಕಾಗದಕ್ಕಿಂತ ಸ್ವಲ್ಪ ಗಟ್ಟಿ, ಅಷ್ಟೇ. ಬಾಗಿದರೆ ಗಾಳಿ ಹಾಯುವುದಿಲ್ಲ.

ಮೂರನೆಯದು ಕಿವಿಯ ಕೆಲಸ. ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗ ಒಬ್ಬರು ಒಳಗಿನಿಂದ ಏಸಿ ಒತ್ತಲಿ. "ಟಕ್" ಎಂದು ಶಬ್ದ ಬಂದು ಕಂಪ್ರೆಸರಿನ ಮುಂದಿನ ತಟ್ಟೆ ಬೆಲ್ಟಿನ ಜೊತೆ ತಿರುಗಬೇಕು. ಕೈ, ಸೆರಗು, ಟವಲು ಬೆಲ್ಟಿನಿಂದ ದೂರ ಇರಲಿ. ಟಕ್ ಎನ್ನದಿದ್ದರೆ ಮೊದಲು ಫ್ಯೂಸು ನೋಡಿ, ಹತ್ತು ರೂಪಾಯಿಯ ವಸ್ತು. ಟಕ್ ಎಂದು ಎರಡು ಮೂರು ಸೆಕೆಂಡಿಗೆ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಡುತ್ತಿದ್ದರೆ ಗ್ಯಾಸ್ ನಿಜವಾಗಿಯೂ ಕಡಿಮೆ ಇರುವ ಸಂಭವ ಹೆಚ್ಚು. ಚಳಿಯ ಬೆಳಿಗ್ಗೆ ಬೆಲ್ಟು ಕೀ ಎಂದು ಕೂಗಿದರೆ ಅದು ಒಣಗಿ ಜಾರುತ್ತಿದೆ, ಬಿಗಿ ಮಾಡಿಸಿ ಅಥವಾ ಬದಲಿಸಿ.

ಐದು ನಿಮಿಷ ಓಡಿದ ಮೇಲೆ ಡ್ಯಾಶ್‌ಬೋರ್ಡಿನ ಕಡೆಗೆ ಹೋಗುವ ಎರಡು ಅಲ್ಯುಮಿನಿಯಂ ಪೈಪುಗಳನ್ನು ಮುಟ್ಟಿ ನೋಡಿ. ದಪ್ಪ ಪೈಪು ಬಾವಿ ನೀರಿನ ತಂಬಿಗೆಯಂತೆ ತಣ್ಣಗೆ ಬೆವರಿರಬೇಕು. ಸಣ್ಣ ಪೈಪು ಬೆಚ್ಚಗಿರಬೇಕು. ಚಳಿಗಾಲದಲ್ಲಿ ಸಣ್ಣದು ಬೇಸಿಗೆಯಷ್ಟು ಸುಡುವುದಿಲ್ಲ, ಉಗುರುಬೆಚ್ಚಗಿದ್ದರೂ ಸರಿಯೇ. ಎರಡೂ ಒಂದೇ ಸಮ ಇದ್ದರೆ ಮಾತ್ರ ಕೆಲಸ ನಡೆಯುತ್ತಿಲ್ಲ ಎಂದರ್ಥ. ಕಂಪ್ರೆಸರಿನಿಂದ ನೇರ ಹೊರಡುವ ಪೈಪನ್ನು ಮಾತ್ರ ಮುಟ್ಟಬೇಡಿ, ಅದು ಚಳಿಯಲ್ಲೂ ಕೈ ಸುಟ್ಟೀತು.

ಮೊದಲು ಚೆನ್ನಾಗಿ ತಣ್ಣಗೆ ಬಂದು, ಅರ್ಧ ಗಂಟೆಯ ಮೇಲೆ ಗಾಳಿಯೇ ಕಡಿಮೆಯಾಗುತ್ತಾ ಹೋಗಿ, ಹತ್ತು ನಿಮಿಷ ಏಸಿ ಆರಿಸಿ ಮತ್ತೆ ಹಾಕಿದರೆ ಸರಿಹೋಗುವುದೂ ಉಂಟು. ಇದು ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುವ ರೋಗ. ತೇವದ ತಂಪು ಹವೆಯಲ್ಲಿ ಬ್ಲೋವರನ್ನು ಒಂದನೇ ನಂಬರಿಗೆ ಇಟ್ಟು ದೂರ ಹೋದಾಗ, ಆಗ ಹೇಳಿದ ಸೆನ್ಸರ್ ಕೆಟ್ಟಿದ್ದರೆ ಹೀಗಾಗುತ್ತದೆ. ಇದಕ್ಕೆ ಗ್ಯಾಸ್ ತುಂಬಿಸಿದರೆ ಪ್ರಯೋಜನವಿಲ್ಲ. ಸೆನ್ಸರ್ ಬದಲಿಸಬೇಕು.

ಇನ್ನು ಚಳಿಗಾಲ ಕೆಲವು ರೋಗಗಳನ್ನು ಮುಚ್ಚಿಡುತ್ತದೆ. ಕಂಡೆನ್ಸರಿನ ಫ್ಯಾನು ಸುಟ್ಟುಹೋಗಿದ್ದರೂ ರಸ್ತೆಯಲ್ಲಿ ಓಡುವಾಗ ತಣ್ಣನೆಯ ಗಾಳಿಯೇ ಬಡಿದು ಕೆಲಸ ಸಾಗಿಸುತ್ತದೆ. ಮಾರ್ಚಿನಲ್ಲಿ ರೈಲ್ವೆ ಗೇಟಿನ ಮುಂದೆ ನಿಂತಾಗ ಬಣ್ಣ ಬಯಲಾಗುತ್ತದೆ. ಹಾಗಾಗಿ ಏಸಿ ಹಾಕಿ ನಿಂತಲ್ಲೇ ಆ ಫ್ಯಾನು ತಿರುಗುತ್ತದೆಯೇ ಎಂದು ಈಗಲೇ ಒಮ್ಮೆ ನೋಡಿಡಿ.

ಈಗ ಗಾಜಿನ ಮಂಜಿನ ವಿಷಯಕ್ಕೆ ಬರೋಣ. ಆ ಹುಡುಗನ ಕಥೆಯ ಮುಖ್ಯ ಭಾಗ ಅದೇ.

25 ಡಿಗ್ರಿಯ ಒಂದು ಘನಮೀಟರ್ ಗಾಳಿ ಸುಮಾರು 23 ಗ್ರಾಂ ನೀರಿನ ಆವಿಯನ್ನು ಹೊತ್ತುಕೊಳ್ಳಬಲ್ಲುದು. 15 ಡಿಗ್ರಿಗೆ ಇಳಿದರೆ ಹೊರಬಲ್ಲದ್ದು 13 ಗ್ರಾಮಿಗಿಂತ ಕಡಿಮೆ. ಕಾರಿನಲ್ಲಿ ಐದು ಜನರ ಉಸಿರು, ಒದ್ದೆ ಶಾಲು, ಬಿಸಿ ಚಹಾದ ಫ್ಲಾಸ್ಕು. ಒಳಗಿನ ಗಾಳಿ ತೇವದಿಂದ ಭಾರವಾಗಿರುತ್ತದೆ. ಅದು ಹೊರಗಿನ ಚಳಿಗೆ ತಣ್ಣಗಾದ ಗಾಜಿಗೆ ತಾಗಿದೊಡನೆ ಹೊರೆ ತಾಳಲಾರದೆ ನೀರನ್ನು ಅಲ್ಲೇ ಇಳಿಸುತ್ತದೆ. ಬಟ್ಟೆಯಿಂದ ಒರೆಸಿದರೆ ಮರುನಿಮಿಷ ಮತ್ತೆ ಬರುವುದು ಅದಕ್ಕೇ, ಗಾಳಿಯಲ್ಲಿರುವ ನೀರು ಹೋಗಿಲ್ಲವಲ್ಲ.

ಏಸಿ ಇಲ್ಲಿ ಮಾಡುವ ಕೆಲಸ ಒಣಗಿಸುವುದು. 5 ಡಿಗ್ರಿಯ ಕಾಯಿಲಿನ ಮೇಲೆ ಹಾಯುವ ಗಾಳಿಯಲ್ಲಿ ಉಳಿಯುವುದು 7 ಗ್ರಾಮಿನಷ್ಟು ನೀರು ಮಾತ್ರ. ಮಿಕ್ಕಿದ್ದು ಹನಿಯಾಗಿ ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ಆ ಒಣಗಾಳಿಯನ್ನು ಹೀಟರಿನಿಂದ ಬೆಚ್ಚಗೆ ಮಾಡಿ ಗಾಜಿಗೆ ಊದಿದರೆ ಬಾಯಾರಿದವನಂತೆ ಗಾಜಿನ ನೀರನ್ನು ಹೀರಿಕೊಳ್ಳುತ್ತದೆ. ಅಂದಹಾಗೆ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು 1902ರಲ್ಲಿ ಅಮೆರಿಕಾದ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ ಆಧುನಿಕ ಏರ್ ಕಂಡೀಷನಿಂಗಿನ ಮೊದಲ ಏರ್ಪಾಡನ್ನು ರೂಪಿಸಿದ್ದು ಮನುಷ್ಯರ ಸುಖಕ್ಕಲ್ಲ. ತೇವಕ್ಕೆ ಕಾಗದ ಹಿಗ್ಗಿ ಬಣ್ಣದ ಅಚ್ಚು ತಪ್ಪುತ್ತಿತ್ತು, ಅದನ್ನು ತಡೆಯಲು. ಗಾಳಿಯ ತೇವವನ್ನು ಹದಗೊಳಿಸುವುದೇ ಈ ಯಂತ್ರದ ಹುಟ್ಟುಕಸುಬು.

ಆದ್ದರಿಂದ ಮಂಜು ಕೂತಾಗ ಏಸಿ ಹಾಕಿ, ಜೊತೆಗೆ ಗುಂಡಿಯನ್ನು ಬಿಸಿಯ ಕಡೆಗೂ ತಿರುಗಿಸಿ. ಎರಡೂ ಒಟ್ಟಿಗೆ. ಗಾಳಿಯ ದಾರಿ ಮುಂದಿನ ಗಾಜಿಗೆ, ಬ್ಲೋವರ್ ಜೋರು. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿದ್ದರೆ ತೆಗೆದು ಹೊರಗಿನ ಗಾಳಿ ಬಿಡಿ. ಆ ಹುಡುಗ ಮಾಡಿದ ತಪ್ಪು ಇದೇ. ಹಿಂದಿನ ದಿನ ಧೂಳಿಗೆಂದು ಒಳಗಾಳಿಯ ಗುಂಡಿ ಒತ್ತಿದವನು ಹಾಗೇ ಬಿಟ್ಟಿದ್ದ, ಗಾಳಿಯ ದಾರಿ ಕಾಲಿನ ಕಡೆಗಿತ್ತು. ಜೊತೆಗೆ ಫಿಲ್ಟರಿನಲ್ಲಿ ಹತ್ತಿ. ಗ್ಯಾಸ್ ಸರಿಯಾಗಿಯೇ ಇತ್ತು. ಗಾಜು ತಿಳಿಯಾದ ಕೂಡಲೇ ಏಸಿ ಆರಿಸುವುದೂ ಬೇಡ. ಕಾಯಿಲಿನ ಮೇಲೆ ಉಳಿದ ನೀರು ಮತ್ತೆ ಆವಿಯಾಗಿ ಒಂದೇ ಕ್ಷಣದಲ್ಲಿ ಗಾಜು ಮುಚ್ಚಬಹುದು. ಮಳೆಗಾಲದಲ್ಲಿ ಇದಕ್ಕೆ ತಿರುಗುಮುರುಗು: ಏಸಿಯ ತಂಪಿಗೆ ಗಾಜಿನ ಹೊರಗಡೆ ಮಂಜು ಕೂರುತ್ತದೆ. ಅದಕ್ಕೆ ವೈಪರ್ ಸಾಕು. ಬೆರಳಿಂದ ಒಳಗಡೆ ಒರೆಸಿ ನೋಡಿದರೆ ಯಾವ ಕಡೆಯದೆಂದು ತಿಳಿಯುತ್ತದೆ.

ಎಷ್ಟು ಮಾಡಿದರೂ ಮಂಜು ಹೋಗದಿದ್ದರೆ ಎಡಗಡೆ ಕಾಲಿಡುವ ಮ್ಯಾಟಿನ ಕೆಳಗೆ ಮುಟ್ಟಿ ನೋಡಿ. ಬರೀ ನೀರಿದ್ದರೆ ಏಸಿಯ ನೀರು ಹೊರಹೋಗುವ ಕೊಳವೆ ಮಣ್ಣು ಕಟ್ಟಿದೆ. ಅಂಟಂಟಾಗಿ ಸಿಹಿ ವಾಸನೆ ಬಂದರೆ ಹೀಟರಿನ ಕಾಯಿಲ್ ಸೋರಿ ಕೂಲೆಂಟ್ ಒಳಗೆ ಬರುತ್ತಿದೆ. ಇದನ್ನು ತಡ ಮಾಡದೆ ತೋರಿಸಬೇಕು. ಇಂಜಿನ್ ನೀರು ಖಾಲಿಯಾದರೆ ಏಸಿಯ ಚಿಂತೆ ಬಿಟ್ಟು ಇಂಜಿನ್ನಿನ ಚಿಂತೆ ಮಾಡಬೇಕಾದೀತು.

ಇಷ್ಟೆಲ್ಲ ನೋಡಿಯೂ ಗ್ಯಾಸೇ ಕಡಿಮೆ ಎಂದು ತೀರ್ಮಾನವಾಯಿತು ಎನ್ನಿ. ಆಗ ಗ್ಯಾರೇಜಿನಲ್ಲಿ ಕೇಳಬೇಕಾದ ಪ್ರಶ್ನೆ "ಎಷ್ಟು ದುಡ್ಡು" ಅಲ್ಲ, "ಎಲ್ಲಿ ಸೋರಿದೆ" ಎಂಬುದು. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಒಂದೇ ವರ್ಷದಲ್ಲಿ ಖಾಲಿಯಾಯಿತೆಂದರೆ ಎಲ್ಲೋ ದಾರಿ ಇದೆ. ಜೋಡಣೆಯ ಹತ್ತಿರ ಎಣ್ಣೆಯ ಜಿಡ್ಡಿನ ಮೇಲೆ ಧೂಳು ಕೂತಿದ್ದರೆ ಅದೇ ಜಾಗ. ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚಿ ನೋಡಬೇಕು. ಸರಿಮಾಡಿದ ಮೇಲೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಪಂಪು ಓಡಿಸಿ ಒಳಗಿನ ಗಾಳಿ, ತೇವ ತೆಗೆಯಬೇಕು. ಇಲ್ಲವಾದರೆ ಆ ತೇವ ವಾಲ್ವಿನ ಕಿಂಡಿಯಲ್ಲಿ ಹೆಪ್ಪುಗಟ್ಟುತ್ತದೆ. ಆಮೇಲೆ ತಕ್ಕಡಿಯ ಮೇಲೆ ಡಬ್ಬಿ ಇಟ್ಟು, ಚೀಟಿಯ ಗ್ರಾಂ ಪ್ರಕಾರ. ಚಳಿಯಲ್ಲಿ ಡಬ್ಬಿಯಿಂದ ಗ್ಯಾಸ್ ನಿಧಾನ ಇಳಿಯುತ್ತದೆಂದು ಕೆಲವರು ಡಬ್ಬಿಗೆ ಬೆಂಕಿ ತೋರಿಸುವುದನ್ನು ಕಂಡಿದ್ದೇನೆ. ದಯವಿಟ್ಟು ಅಲ್ಲಿ ನಿಲ್ಲಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟರೆ ಸಾಕು.

ಅಗ್ಗಕ್ಕೆ ಸಿಗುವ ಗ್ಯಾಸಿನ ಬಗ್ಗೆಯೂ ಎಚ್ಚರ. ಅಂಬಾಸಡರ್, ಪದ್ಮಿನಿ ಕಾರುಗಳ ಡ್ಯಾಶ್‌ಬೋರ್ಡಿನ ಕೆಳಗೆ ಬೇರೆ ಪೆಟ್ಟಿಗೆಯಾಗಿ ಏಸಿ ಕೂರಿಸುತ್ತಿದ್ದ ಕಾಲದಲ್ಲಿ ಇದ್ದದ್ದು ಆರ್-12. ಆಕಾಶದ ಓಜೋನ್ ಪದರಕ್ಕೆ ತೂತು ಬೀಳಿಸುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಅದಕ್ಕೆ ಕಡಿವಾಣ ಬಿತ್ತು. ಭಾರತ 1992ರಲ್ಲಿ ಆ ಒಪ್ಪಂದ ಸೇರಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ಕೇಡು ಮಾಡದು, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದೇ ತೂಕದ ಇಂಗಾಲಾಮ್ಲದ ಸಾವಿರ ಪಟ್ಟಿಗಿಂತ ಹೆಚ್ಚು. ಅದಕ್ಕೇ 2016ರ ಕಿಗಾಲಿ ತಿದ್ದುಪಡಿ ಇದನ್ನೂ ಹಂತಹಂತವಾಗಿ ಇಳಿಸಲು ಹೇಳಿದೆ. ಹಳೆಯ ಗ್ಯಾಸನ್ನು ಪುಸ್ ಎಂದು ಗಾಳಿಗೆ ಬಿಡುವ ಬದಲು ಯಂತ್ರದಿಂದ ಹಿಡಿದಿಡಬೇಕು ಎನ್ನುವುದು ಇದಕ್ಕಾಗಿ. ಇನ್ನು ಕಲಬೆರಕೆ: 2011ರಲ್ಲಿ ಆರ್-134ಎ ಎಂದು ಹೇಳಿ ತುಂಬಿದ ನಕಲಿ ಗ್ಯಾಸಿನಿಂದ ಹಡಗಿನ ಶೀತಲ ಕಂಟೇನರುಗಳು ಸಿಡಿದು ಕೆಲಸಗಾರರು ಸತ್ತರು. ಅದರಲ್ಲಿ ಬೆರೆತಿದ್ದ ಮೀಥೈಲ್ ಕ್ಲೋರೈಡ್ ಅಲ್ಯುಮಿನಿಯಂ ಜೊತೆ ಸೇರಿ ಗಾಳಿ ತಾಗಿದರೆ ಹೊತ್ತುವ ವಸ್ತುವಾಗಿತ್ತು. ಕಾರಿನ ಕಾಯಿಲೂ ಅಲ್ಯುಮಿನಿಯಮ್ಮೇ. ಅಡುಗೆ ಗ್ಯಾಸನ್ನು ಏಸಿಗೆ ತುಂಬಿದರೂ ತಣ್ಣಗಾಗುತ್ತದೆ ಎಂದು ಹೇಳುವ ಬುದ್ಧಿವಂತರಿದ್ದಾರೆ. ತಣ್ಣಗಾಗುವುದು ನಿಜ. ಸೋರಿದ ದಿನ ಒಳಗೆ ಕೂತವರು ಬೀಡಿ ಹಚ್ಚಿದರೆ ಏನಾಗುತ್ತದೆ ಎಂಬುದೂ ನಿಜ.

ಚಳಿಗಾಲ ಪೂರ್ತಿ ಏಸಿ ಮುಟ್ಟದೆ ಇಡುವುದು ಉಳಿತಾಯ ಎಂದು ಕೆಲವರ ಎಣಿಕೆ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುವುದು. ಮೂರು ತಿಂಗಳು ಸುತ್ತದಿದ್ದರೆ ಅದರ ಮುಂದಿನ ರಬ್ಬರ್ ಸೀಲು ಒಣಗಿ, ಅಲ್ಲಿಂದಲೇ ಗ್ಯಾಸ್ ಜಿನುಗಲು ಶುರುವಾಗುತ್ತದೆ. ವಾರಕ್ಕೊಮ್ಮೆ, ಸಂತೆಯ ದಿನವೆಂದು ಗುರುತಿಟ್ಟುಕೊಳ್ಳಿ, ಹತ್ತು ನಿಮಿಷ ಓಡಿಸಿದರೆ ಸಾಕು.

ಉರುಕುಂದದ ಈರಣ್ಣಸ್ವಾಮಿ ಸನ್ನಿಧಿಗೋ ಮಂತ್ರಾಲಯಕ್ಕೋ ಜನರನ್ನು ಕರೆತಂದು, ರಾತ್ರಿ ಕಾರಿನಲ್ಲೇ ಮಲಗುವ ಡ್ರೈವರ್ ತಮ್ಮಂದಿರಿಗೆ ಒಂದು ಮಾತು. ಚಳಿಗೆಂದು ಹೀಟರು, ಸೆಕೆಗೆಂದು ಏಸಿ ಹಾಕಿ, ಇಂಜಿನ್ ಓಡುತ್ತಿರುವಾಗ ಕಿಟಕಿ ಮುಚ್ಚಿ ನಿದ್ದೆ ಮಾಡಬೇಡಿ. ಸೈಲೆನ್ಸರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗೋಡೆಯ ಪಕ್ಕದಲ್ಲೋ ಶೆಡ್ಡಿನೊಳಗೋ ನಿಲ್ಲಿಸಿದ ಕಾರಿನ ಒಳಗೆ ಅದು ಸೇರಿಕೊಂಡರೆ ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಇಂಜಿನ್ ಆರಿಸಿ, ಎರಡು ಬೆರಳು ಕಿಟಕಿ ಇಳಿಸಿ, ಕಂಬಳಿ ಹೊದ್ದುಕೊಳ್ಳಿ. ಬೆಳಿಗ್ಗೆ ಗಾಜಿನ ಮೇಲೆ ಮಂಜು ಕೂತಿರುತ್ತದೆ. ಅದಕ್ಕೇನು ಮಾಡಬೇಕೆಂದು ಈಗ ಹೇಳಿದ್ದೇನಲ್ಲ.